ನರ್ಸಮ್ಮನ ಫೋಟೋಗಳು, ಪ್ರೆಸ್ಸಿನಕ್ಕನ ಹೊಸ ಕೆಲಸ

ನಿಮ್ಮ ಬೀದಿಯಲ್ಲೂ ಹೀಗೇ ಇರಬಹುದು. ಮನೆಗೊಂದು ಕಂಪ್ಯೂಟರ್ ಬಂದಿರುತ್ತದೆ. ಹೊಸದರಲ್ಲಿ ಎಲ್ಲರೂ ಅದರ ಮುಂದೆಯೇ. ಆಮೇಲೆ ಒಂದು ದಿನ ಅದು ಏನೋ ಕೇಳುತ್ತದೆ. ಹೌದು ಅನ್ನಬೇಕೋ ಬೇಡ ಅನ್ನಬೇಕೋ ತಿಳಿಯುವುದಿಲ್ಲ. ರಿಪೇರಿಗೆ ಒಯ್ಯೋಣವೆಂದರೆ ಅಂಗಡಿ ಪೇಟೆಯ ಆಚೆ ತುದಿಯಲ್ಲಿ. ಅಲ್ಲಿ ಬಿಚ್ಚುತ್ತಾರೆ, ಮುಚ್ಚುತ್ತಾರೆ, ಸರಿಹೋಯಿತು ಅನ್ನುತ್ತಾರೆ. ಏನು ಕೆಟ್ಟಿತ್ತು ಎಂದು ಹೇಳುವಷ್ಟು ಪುರುಸೊತ್ತು ಅವರಿಗಿರುವುದಿಲ್ಲ.

ಅಂಥದೇ ಒಂದು ಬೀದಿಯ ಮಹಡಿ ಮನೆಯಲ್ಲಿ ಪ್ರೆಸ್ಸಿನಕ್ಕ ಇದ್ದಳು. ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತಿದ್ದಳಾದ್ದರಿಂದ ಆ ಹೆಸರು. ಅಲ್ಲಿನ ಕಂಪ್ಯೂಟರುಗಳು ಕೈಕೊಟ್ಟಾಗ ತಾನೇ ಕೈಹಾಕಿ ಸರಿಮಾಡಲು ಕಲಿತಿದ್ದಳು. ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಡುವವಳೂ ಅವಳೇ. ಪ್ರೆಸ್ಸು ಮುಚ್ಚಿದ ಮೇಲೆ ಮನೆಯಲ್ಲಿ ಕೂತಳು. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು, ಮನೆ ಹೇಗೋ ನಡೆಯುತ್ತಿತ್ತು. ಆದರೆ ಅವಳಿಗೆ ದಿನವೇ ಮುಂದೆ ಹೋಗುತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಹೊಲಿಗೆ ಟೀಚರ್ ಇದ್ದರು. ಮನೆಯಲ್ಲೇ ಮೂರು ಮಿಷನ್ ಇಟ್ಟುಕೊಂಡು ಹೊಲಿಗೆ ಕಲಿಸುವವರು. ಒಂದು ಮಧ್ಯಾಹ್ನ ಅವರೇ ಮಾತು ತೆಗೆದರು.

“ಆಗೀಗ ಯಾರಾದ್ರೂ ಕರೆದ್ರೆ ಹೋಗಿ ಕಂಪ್ಯೂಟರಿನ ಸಣ್ಣಪುಟ್ಟ ತೊಂದ್ರೆ ಸರಿ ಮಾಡ್ಕೊಟ್ಟು ಬರ್ತೀಯ. ಅದನ್ನೇ ನಿನ್ನ ಕೆಲಸ ಅಂತ ಯಾಕೆ ಮಾಡ್ಕೋಬಾರದು? ದೊಡ್ಡ ಅಂಗಡಿ ಏನೂ ಬೇಡ. ಮುಂದಿನ ಕೋಣೆ ಇದೆಯಲ್ಲ, ಸಾಕು.”

ಟೀಚರ್ ತಮ್ಮ ಅನುಭವವನ್ನೆಲ್ಲ ಹೇಳಿದರು. ಮೊದಲು ಬೀದಿಯವರಿಗೆ ಏನು ಬೇಕಾಗಿದೆ ಎಂದು ಕೇಳಿಕೋ. ಮನೆಯಲ್ಲಿ ಇಂಥ ಕೆಲಸ ಮಾಡಲು ಏನಾದರೂ ಅನುಮತಿ ಬೇಕೇ ಎಂದು ಪುರಸಭೆ ಕಚೇರಿಯಲ್ಲಿ ವಿಚಾರಿಸು. ಕೆಲಸದ ಹೊತ್ತು ಗೊತ್ತುಮಾಡು, ಇಲ್ಲದಿದ್ದರೆ ಊಟಕ್ಕೆ ಕೂತಾಗಲೂ ಬಾಗಿಲು ತಟ್ಟುತ್ತಾರೆ. ದರವನ್ನು ಕೆಲಸಕ್ಕೆ ಮುಂಚೆಯೇ ಹೇಳು. ಕಲಿಸುವಾಗ ಒಮ್ಮೆಗೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ.

ಪ್ರೆಸ್ಸಿನಕ್ಕನಿಗೆ ಹುರುಪು ಬಂತು. ಅತ್ತೆಗೆ ಮಾತ್ರ ಮನಸ್ಸಿರಲಿಲ್ಲ. ಕಂಡಕಂಡವರು ಮನೆಯೊಳಗೆ ಬರುವುದು, ಕೋಣೆ ತುಂಬ ವೈರು ಹರಡುವುದು ಅವರಿಗೆ ಹಿಡಿಸಲಿಲ್ಲ. ಅದಕ್ಕಿಂತ ದೊಡ್ಡ ಅಳುಕು ಬೇರೆಯೇ ಇತ್ತು.

“ಅಲ್ಲಮ್ಮ, ಬೇರೆಯವರ ವಸ್ತು. ನಿನ್ನ ಕೈಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ? ನಾಳೆ ಇದೇ ಬೀದೀಲಿ ತಲೆ ಎತ್ತಿ ಓಡಾಡಬೇಕಲ್ವಾ?”

ಹಾಗೇನೂ ಆಗುವುದಿಲ್ಲವೆಂದು ಸೊಸೆ ನಕ್ಕಳು. ಗಂಡ ಬೇಕರಿಯ ಹಳೆಯ ಮೇಜೊಂದನ್ನು ಕೇಳಿ ತಂದು ಕಿಟಕಿಯ ಪಕ್ಕ ಹಾಕಿದ. ಎಷ್ಟು ಒರೆಸಿದರೂ ಅದರ ಸಂದುಗಳಲ್ಲಿ ಮೈದಾ ಹಿಟ್ಟು ಇದ್ದೇ ಇತ್ತು. ‘ಕಂಪ್ಯೂಟರ್ ರಿಪೇರಿ ಮತ್ತು ಕಲಿಕೆ’ ಎಂಬ ಬೋರ್ಡು ಮೆಟ್ಟಿಲ ಬಳಿ ಏರಿತು.

ಮೊದಲು ಬಂದವರು ನರ್ಸಮ್ಮ. ನಿವೃತ್ತರಾಗಿ ವರ್ಷಗಳಾಗಿದ್ದವು. ಆ ಬೀದಿಯ ಅರ್ಧದಷ್ಟು ಮಕ್ಕಳನ್ನು ಹೆರಿಗೆ ಕೋಣೆಯಲ್ಲಿ ಮೊದಲು ಎತ್ತಿಕೊಂಡ ಕೈ ಅವರದು. ಅವರ ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಅದನ್ನು ಆನ್ ಮಾಡಿ ಸ್ನಾನಕ್ಕೆ ಹೋದರೆ ತಲೆ ಒರೆಸಿಕೊಂಡು ಬರುವ ಹೊತ್ತಿಗೂ ಎದ್ದಿರುವುದಿಲ್ಲ ಎಂದು ಅವರೇ ತಮಾಷೆ ಮಾಡಿದರು.

ಪ್ರೆಸ್ಸಿನಕ್ಕ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದಳು. ಪ್ರೆಸ್ಸಿನಲ್ಲಿ ಅದೇ ಅಭ್ಯಾಸ. ಅಲ್ಲಿ ಎಲ್ಲರ ಕೆಲಸವೂ ಬೇರೆ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಜೋಪಾನವಾಗಿರುತ್ತಿತ್ತು. ಮೇಜಿನ ಮೇಲಿನದನ್ನು ಅಳಿಸಿದರೆ ಯಾರದೇನೂ ಹೋಗುತ್ತಿರಲಿಲ್ಲ. ಮನೆಯ ಕಂಪ್ಯೂಟರ್ ಹಾಗಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ನರ್ಸಮ್ಮ ಬಂದರು. ಚಕ್ಕನೆ ಎದ್ದ ಪರದೆ ನೋಡಿ ಹಿಗ್ಗಿದರು. ಆಮೇಲೆ ಅದರಲ್ಲಿ ಏನನ್ನೋ ಹುಡುಕತೊಡಗಿದರು.

“ನನ್ನ ಮಕ್ಕಳೆಲ್ಲಿ?” ಎಂದರು.

ತಮ್ಮ ಕೈಯಲ್ಲಿ ಹುಟ್ಟಿದ ಮಕ್ಕಳ ಫೋಟೋಗಳವು. ಹುಟ್ಟಿದ ಹಬ್ಬ ಬಂದಾಗಲೆಲ್ಲ ತಾಯಂದಿರು ಕಳಿಸುತ್ತಿದ್ದರು, ನರ್ಸಮ್ಮ ಒಂದನ್ನೂ ಬಿಡದೆ ಇಟ್ಟುಕೊಂಡಿದ್ದರು. ತಾನು ಅಳಿಸಿದ್ದು ಏನೆಂದು ಪ್ರೆಸ್ಸಿನಕ್ಕನಿಗೆ ಆಗ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಂಪ್ಯೂಟರ್ ಹಳೆಯದು, ತಾನಾಗಿಯೇ ಹೋಯಿತು ಎಂದರೆ ನರ್ಸಮ್ಮ ನಂಬುತ್ತಿದ್ದರು.

“ನರ್ಸಮ್ಮ, ತಪ್ಪು ನಂದು,” ಎಂದಳು ಪ್ರೆಸ್ಸಿನಕ್ಕ. “ಅಳಿಸೋ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಎಷ್ಟು ವಾಪಸ್ ತರೋಕಾಗುತ್ತೋ ಅಷ್ಟೂ ತರ್ತೀನಿ. ಪೂರ್ತಿ ಬರುತ್ತೆ ಅಂತ ಮಾತ್ರ ಮಾತು ಕೊಡೋಕಾಗಲ್ಲ.”

ನರ್ಸಮ್ಮ ಎದ್ದರು. ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಧಾನವಾಗಿ ಇಳಿದು ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅನ್ನಿಸಿತು ಅವಳಿಗೆ.

ಪ್ರೆಸ್ಸಿನಲ್ಲಿ ಜೊತೆಗಿದ್ದ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಮೊದಲು ಅದನ್ನು ಆಫ್ ಮಾಡು ಎಂದ ಅವನು. ಅಳಿಸಿದ್ದೆಲ್ಲ ಆ ಕ್ಷಣವೇ ಮಾಯವಾಗುವುದಿಲ್ಲ, ಅದರ ಮೇಲೆ ಹೊಸದು ಬಂದು ಕೂತರೆ ಮಾತ್ರ ಹೋಗುತ್ತದೆ. ಆದ್ದರಿಂದ ಎಲ್ಲವೂ ತುಂಬಿರುವ ಡಿಸ್ಕನ್ನು ಹೊರತೆಗೆದು, ಬೇರೆ ಕಂಪ್ಯೂಟರಿಗೆ ಜೋಡಿಸಿ, ಸಿಕ್ಕಿದ್ದನ್ನು ಬೇರೆ ಕಡೆ ತುಂಬಿಡು ಎಂದು ವಿವರಿಸಿದ. ಅವಳು ಹಾಗೇ ಮಾಡಿದಳು. ಅರ್ಧಕ್ಕಿಂತ ಹೆಚ್ಚು ಫೋಟೋಗಳು ಸಿಕ್ಕವು. ಕೆಲವು ಅರೆಬರೆ ಬಂದವು: ಮೇಲೆ ಮಗುವಿನ ಟೋಪಿ, ಕೆಳಗೆ ಬರೀ ಬೂದು ಬಣ್ಣ. ಉಳಿದವು ಬರಲೇ ಇಲ್ಲ.

ಬೋರ್ಡನ್ನು ಕಳಚಿ ತಂದು ಗೋಡೆಗೆ ಒರಗಿಸಿದಳು. ನಾನು ಮೊದಲೇ ಹೇಳಲಿಲ್ಲವೇ ಎಂದು ಅತ್ತೆ ಅನ್ನುವುದನ್ನೇ ಕಾಯುತ್ತಿದ್ದಳು. ಅತ್ತೆ ಬಂದು ಪಕ್ಕದಲ್ಲಿ ಕೂತು, ಆ ಬೂದು ಫೋಟೋಗಳನ್ನು ನೋಡಿದರು.

“ಬರದೇ ಇರೋ ಫೋಟೋ ಇನ್ಯಾರ ಹತ್ರ ಇರುತ್ತೆ?”

“ಕಳಿಸಿದವರ ಹತ್ರ, ಅತ್ತೆ.”

“ಮತ್ತೆ ಅವರನ್ನೇ ಕೇಳಿದ್ರಾಯ್ತು.”

ಅತ್ತೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬೀದಿಯ ಒಂದು ಮನೆಯನ್ನೂ ಬಿಡಲಿಲ್ಲ. ನಮ್ಮ ಸೊಸೆಯ ಕೈಯಿಂದ ಹೀಗಾಗಿದೆ, ನಿಮ್ಮ ಮಗುವಿನ ಫೋಟೋ ಇದ್ದರೆ ಭಾನುವಾರ ತನ್ನಿ ಎಂದು ಮುಚ್ಚುಮರೆಯಿಲ್ಲದೆ ಹೇಳಿ ಬಂದರು.

ಭಾನುವಾರ ಮೆಟ್ಟಿಲ ತುಂಬ ಜನ. ಕೆಲವರ ಕೈಯಲ್ಲಿ ಆಲ್ಬಂ, ಕೆಲವರ ಕೈಯಲ್ಲಿ ಫೋನು. ಟೀಚರ್ ತಮ್ಮ ಹೊಲಿಗೆ ಸ್ಟೂಲುಗಳನ್ನು ಮೇಲೆ ಕಳಿಸಿಕೊಟ್ಟರು. ಅತ್ತೆಯೇ ಹೋಗಿ ನರ್ಸಮ್ಮನನ್ನು ಕರೆತಂದು ಮೇಜಿನ ಪಕ್ಕ ಕೂರಿಸಿದರು. ಒಂದೊಂದು ಮುಖ ಪರದೆಯ ಮೇಲೆ ಬಂದಂತೆ ನರ್ಸಮ್ಮನ ಮಾತು ಬಿಚ್ಚಿಕೊಂಡಿತು. ಇವಳು ಹುಟ್ಟಿದ ಕೂಡಲೇ ಅಳದೆ ಎಲ್ಲರನ್ನೂ ಹೆದರಿಸಿದಳು, ಈಗ ನೋಡಿ, ಬಾಯಿ ಮುಚ್ಚುವುದೇ ಇಲ್ಲ ಎಂದರು. ಆ ಹುಡುಗಿಯ ತಾಯಿಯೇ ಮೊದಲು ನಕ್ಕಳು.

ಪ್ರೆಸ್ಸಿನಕ್ಕ ಆಲ್ಬಂನಲ್ಲಿದ್ದವನ್ನು ಫೋನಿನಲ್ಲಿ ತೆಗೆದುಕೊಂಡು, ಪ್ರತಿಯೊಂದನ್ನೂ ಎರಡು ಬೇರೆ ಬೇರೆ ಡಿಸ್ಕಿಗೆ ತುಂಬಿಸಿ, ಎರಡನ್ನೂ ತೆರೆದು ತೋರಿಸುತ್ತಿದ್ದಳು. ಅದನ್ನೇ ಗಮನಿಸುತ್ತಿದ್ದ ಔಷಧಿ ಅಂಗಡಿಯವರು ತಮ್ಮ ಅಂಗಡಿಯ ಬಿಲ್ಲುಗಳನ್ನೂ ಹೀಗೇ ಕಾಪಾಡಿಕೊಡಬಹುದೇ ಎಂದು ಕೇಳಿದರು. ಇಬ್ಬರು ತಾಯಂದಿರು ತಮಗೂ ಇದನ್ನು ಕಲಿಸಬೇಕೆಂದರು. ಹೊರಡುವಾಗ ನರ್ಸಮ್ಮ ಅವಳ ಕೈ ಹಿಡಿದುಕೊಂಡರು.

“ಇನ್ಮೇಲೆ ನನ್ನ ಮಕ್ಕಳನ್ನ ನಾನೇ ಕಾಯ್ಕೋತೀನಿ. ಹೇಗೆ ಅಂತ ಕಲಿಸು.”

ಫೀಸು ಬೇಡವೆಂದಳು ಪ್ರೆಸ್ಸಿನಕ್ಕ. ನರ್ಸಮ್ಮ ಒಪ್ಪಲಿಲ್ಲ. ತಾವೂ ಸಂಬಳ ತೆಗೆದುಕೊಂಡೇ ಹೆರಿಗೆ ಮಾಡಿಸಿದವರು, ಕೆಲಸ ಅಂದಮೇಲೆ ಕೆಲಸ ಎಂದರು. ಬೋರ್ಡು ಮತ್ತೆ ಮೇಲೇರಿತು.

ಈಗ ಅವಳು ಬೆಳಿಗ್ಗೆ ಕಲಿಸುತ್ತಾಳೆ, ಮಧ್ಯಾಹ್ನ ರಿಪೇರಿ ಮಾಡುತ್ತಾಳೆ. ಕಲಿಸುವಾಗ ಮೌಸ್ ಕಲಿಯುವವರ ಕೈಯಲ್ಲೇ ಇರಬೇಕು, ತನ್ನ ಕೈ ಬೆನ್ನ ಹಿಂದೆ. ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ, ಅವರು ಟೈಪ್ ಮಾಡುವಾಗ ಮುಖ ತಿರುಗಿಸುತ್ತಾಳೆ. ತಿಳಿಯದಿದ್ದರೆ ತಿಳಿಯದು ಎನ್ನುತ್ತಾಳೆ, ಮೆಕ್ಯಾನಿಕ್‌ನನ್ನು ಕೇಳಿ ಹೇಳುತ್ತಾಳೆ. ರಿಪೇರಿಗೆ ಬಂದವರನ್ನು ಬಾಗಿಲಲ್ಲೇ ತಡೆಯುವವರು ಅತ್ತೆ. ಒಳಗೆ ಮುಖ್ಯವಾದದ್ದು ಏನಿದೆ, ಅದರ ಪ್ರತಿ ಇನ್ನೆಲ್ಲಿದೆ ಎಂದು ವಿಚಾರಿಸಿದ ಮೇಲೆಯೇ ಸೊಸೆಯ ಮೇಜಿಗೆ ಬಿಡುತ್ತಾರೆ. ಕೆಲವರಿಗೆ ಪೊಲೀಸ್ ಠಾಣೆಗೆ ಬಂದಂತಾಗುತ್ತದೆ. ಆದರೂ ಬರುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಂಪ್ಯೂಟರಿನ ಕೆಲಸ ನಿಮಗೆ ಬರುತ್ತದೆಯೇ? ಹಾಗಿದ್ದರೆ ಒಂದು ಕೋಣೆ, ಒಂದು ಮೇಜು, ದಿನದ ಒಂದಿಷ್ಟು ಹೊತ್ತು ಗೊತ್ತುಮಾಡಿಕೊಂಡು ಶುರುಮಾಡಿ. ನೆರೆಹೊರೆಯವರಿಗೆ ಏನು ಬೇಕೆಂದು ಅವರ ಬಾಯಿಂದಲೇ ಕೇಳಿ. ಕೈಹಾಕುವ ಮೊದಲು ಪ್ರತಿ ತೆಗೆಯಿರಿ. ತಪ್ಪಾದರೆ ಮುಚ್ಚಿಡಬೇಡಿ. ಕೆಲಸ ಬಾರದವರೇ, ನಾಚಿಕೆ ಬೇಡ, ವಯಸ್ಸಾಯಿತು ಎಂಬ ನೆಪವೂ ಬೇಡ, ಹತ್ತಿರದಲ್ಲಿ ಕಲಿಸುವವರಿದ್ದರೆ ಹೋಗಿ ಕೂತು ಕಲಿಯಿರಿ. ನಿಮ್ಮ ಮನೆಯ ಫೋಟೋಗಳಿಗೆ ಬೇರೆ ಕಡೆ ಇನ್ನೊಂದು ಪ್ರತಿ ಇದೆಯೇ? ಇಲ್ಲವೆಂದರೆ ಈ ಹಾಳೆಯನ್ನು ಪಕ್ಕಕ್ಕಿಟ್ಟು ಈಗಲೇ ಏಳಿ.