ಚಿಕ್ಕ ಸೊಸೆಯ ಸುಖ

ಮೈದುನ ತಾನೇ ಮೆಚ್ಚಿ ಮದುವೆಯಾಗಿ ಕರೆತಂದ ದಿನದಿಂದ ಚಿಕ್ಕ ಸೊಸೆಯನ್ನು ಕಂಡರೆ ದೊಡ್ಡ ಸೊಸೆಗೆ ಮೈಯೆಲ್ಲ ಉರಿ. ತಾನು ಈ ಮನೆಗೆ ಬಂದ ಮರುದಿನವೇ ಒಲೆ ಮುಂದೆ ನಿಂತವಳು; ಹೆರಿಗೆಯ ದಿನಗಳನ್ನು ಬಿಟ್ಟರೆ ಸೌಟು ಕೆಳಗಿಟ್ಟವಳಲ್ಲ. ಇವಳೋ ಮಹಾರಾಣಿ! ಬಟ್ಟೆ ಮಡಚಿ, ಮಹಡಿ ಗುಡಿಸಿದರೆ ಮುಗಿಯಿತು. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದರೆ ಸಾಕು, ಅತ್ತೆ ಬೆಣ್ಣೆಯಂಥ ದನಿಯಲ್ಲಿ, "ನಿನಗ್ಯಾಕಮ್ಮ ಈ ಒಲೆ ಬೇಗೆ? ಹೋಗು, ಕೂತ್ಕೋ" ಅನ್ನುತ್ತಿದ್ದರು.

ತನಗೆ ಒಂದು ದಿನವಾದರೂ ಹಾಗಂದಿದ್ದರೇ? ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರು ಈರುಳ್ಳಿಯದೋ ಹೊಟ್ಟೆಕಿಚ್ಚಿನದೋ ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಜ್ವರ ಬಂತು. ಎದ್ದು ನಿಂತರೆ ತಲೆಸುತ್ತು. "ಅತ್ತೆ, ಇವತ್ತೊಂದು ದಿನ ಅವಳೇ ಅಡುಗೆ ಮಾಡ್ಲಿ" ಎಂದಳು.

ಅತ್ತೆ ಬಾಗಿಲು ಮುಚ್ಚಿ ಪಿಸುಗುಟ್ಟಿದರು. "ನಿನಗೇನು ಬುದ್ಧಿ ಇಲ್ವಾ? ಮಗನ ಮುಖ ನೋಡಿ ಮನೆಗೆ ಸೇರಿಸ್ಕೊಂಡಿದೀನಿ. ಅವರ ಜನ ಮುಟ್ಟಿದ್ದನ್ನ ನಾವು ತಿನ್ನೋದಾ?"

ನಿಜ ಹೇಳಬೇಕೆಂದರೆ ದೊಡ್ಡ ಸೊಸೆಗೆ ಮೊದಲು ಆದದ್ದು ಸಮಾಧಾನವೇ: ಅಯ್ಯೋ, ಅದು ಮುದ್ದಲ್ಲವಂತೆ! ಆಮೇಲೆ ಆ ಸಮಾಧಾನಕ್ಕೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಇನ್ನೊಂದು ನೆನಪು. ಚಿಕ್ಕವಳು ಕುಡಿದಿಟ್ಟ ಲೋಟವನ್ನು ತಾನೂ ಮತ್ತೊಮ್ಮೆ ತಿಕ್ಕುತ್ತಿದ್ದಳಲ್ಲ! ಯಾರೂ ಹೇಳಿಕೊಟ್ಟಿರಲಿಲ್ಲ.

ಗೋಡೆ ಹಿಡಿದುಕೊಂಡು ಮಹಡಿ ಹತ್ತಿದಳು. "ಬಾರೇ, ಅಡುಗೆ ಮಾಡು. ನನ್ನ ಕೈಲಾಗಲ್ಲ."

ಚಿಕ್ಕವಳು ಮಡಚುತ್ತಿದ್ದ ಹೊದಿಕೆ ಕೆಳಗಿಟ್ಟಳು. "ಅತ್ತೆ ಸುಮ್ನಿರ್ತಾರಾ ಅಕ್ಕ?"

"ನಿನಗೆ ಗೊತ್ತಿತ್ತಾ?"

"ಬಂದ ದಿನವೇ ಗೊತ್ತಾಯ್ತು. ನೀವು ನನ್ನ ಲೋಟ ತಿಕ್ಕೋದೂ ಗೊತ್ತು."

ದೊಡ್ಡವಳು ಅವಳ ಕೈ ಹಿಡಿದೇ ಕೆಳಗಿಳಿದಳು. ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತಿದ್ದರು.

"ಇವಳು ಮಾಡದಿದ್ರೆ ಇವತ್ತು ಒಲೆ ಹಚ್ಚೋರಿಲ್ಲ. ನೀವು ಹಚ್ತೀರಾ?"

ಅತ್ತೆ ಗೊಣಗುತ್ತ ಕೋಣೆ ಸೇರಿದರು. ಆ ದಿನ ಊಟಕ್ಕೂ ಏಳಲಿಲ್ಲ.

ಮಧ್ಯಾಹ್ನ ಮಾವ ಮೊದಲ ತುತ್ತು ಬಾಯಿಗಿಟ್ಟರು. ಮಾಡಿದ್ದು ಯಾರೆಂದು ಗೊತ್ತಿದ್ದೇ, "ಇಷ್ಟು ವರ್ಷದಲ್ಲಿ ಈ ಮನೇಲಿ ಇಂಥ ಬದನೆಕಾಯಿ ತಿಂದಿರಲಿಲ್ಲ ಕಣಮ್ಮ" ಎಂದು ಇನ್ನಷ್ಟು ಬಡಿಸಿಕೊಂಡರು.

ದೊಡ್ಡ ಸೊಸೆಗೆ ಎದೆ ಚುರ್ರೆಂದಿತು. ಜ್ವರದ ನಾಲಿಗೆಗೂ ರುಚಿ ಹತ್ತಿತ್ತು, ಸುಳ್ಳು ಹೇಳುವಂತಿರಲಿಲ್ಲ.

"ಎಣ್ಣೆ ಸ್ವಲ್ಪ ಜಾಸ್ತಿ" ಎಂದಳು, ಮುಖ ಊದಿಸಿಕೊಂಡು.

"ನಾಳೆ ನೀವು ಕಮ್ಮಿ ಹಾಕಿ ಮಾಡಿ ತೋರ್ಸಿ ಅಕ್ಕ" ಎಂದು ಚಿಕ್ಕವಳು ಅವಳ ತಟ್ಟೆಗೂ ಬಡಿಸಿದಳು.