ಬದಲಿಗೆ ಕೊಟ್ಟ ಬಿಲ್ಲೆ

ಮುನಿಶಾಮಿಯ ಮಗನನ್ನು ಚಿನ್ನದ ಗಣಿಯ ಬಾಗಿಲಿಂದಲೇ ವಾಪಸು ಕಳಿಸಿದರು ಎಂಬ ಸುದ್ದಿ ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಮುಟ್ಟಿದಾಗ ಆಂಜಿನಪ್ಪ ಊಟಕ್ಕೆ ಕೂತಿದ್ದ. ಸುದ್ದಿ ತಂದವನು ಪಕ್ಕದ ಮನೆಯ ಕದಿರಪ್ಪ.

"ಉಡ್ಗ ಗಟ್ಟಿಮುಟ್ಟಾಗವ್ನೆ ಕಣಣ್ಣ. ಆದ್ರೆ ಕಳ್ಳನ ಮಗ ಅಂತ ಸೇರಿಸ್ಕೊಳ್ಳಿಲ್ಲ. ಅಪ್ಪ ಮಾಡಿದ್ದು ಮಗನ ತಲೆಗೆ ಬಂತು ನೋಡು" ಎಂದು ಬಾಗಿಲಲ್ಲಿ ನಿಂತೇ ಹೇಳಿ ಕದಿರಪ್ಪ ಹೊರಟುಹೋದ.

ಆಂಜಿನಪ್ಪ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ. ಹೆಂಡತಿ ಅಮ್ಮಾಜಮ್ಮನಿಗೆ ಅರ್ಥವಾಯಿತು. ಲೋಕಕ್ಕೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು.

"ಎಲ್ಲಾ ಏಳ್ಬಿಡ್ತೀನಿ ಕಣೇ" ಎಂದ ಆಂಜಿನಪ್ಪ.

"ಏಳಿದ್ರೆ ಮುನಿಶಾಮಿ ಕಾಲು ವಾಪಸ್ ಬತ್ತದಾ? ನಿನ್ ಕೆಲ್ಸ ಓತದೆ, ಈ ಮನೆ ಓತದೆ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೋಗಾಣ?"

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇದೇ ಪ್ರಶ್ನೆಯನ್ನು ಆಂಜಿನಪ್ಪ ತನಗೆ ತಾನೇ ಕೇಳಿಕೊಂಡು, ಇದರ ಹಿಂದೆಯೇ ಅಡಗಿಕೊಂಡು ಹತ್ತು ವರ್ಷಕ್ಕೂ ಮೇಲೆ ಕಳೆದಿದ್ದ. ಇವತ್ತು ಅದೇ ಪ್ರಶ್ನೆ ಹೆಂಡತಿಯ ಬಾಯಲ್ಲಿ ಬಂದಾಗ ಅವನಿಗೆ ನಾಚಿಕೆಯಾಯಿತು.

ಆಂಜಿನಪ್ಪ, ಮುನಿಶಾಮಿ ಇಬ್ಬರೂ ಬಂಗಾರಪೇಟೆ ಪಕ್ಕದ ಒಂದೇ ಹಳ್ಳಿಯವರು. ಆ ಊರಲ್ಲಿ ದನಗಳನ್ನು ಸರದಿಯ ಮೇಲೆ ಮೇಯಿಸುತ್ತಿದ್ದರು. ಇವತ್ತು ಈ ಮನೆ, ನಾಳೆ ಪಕ್ಕದ ಮನೆ. ಆಂಜಿನಪ್ಪನಿಗೆ ಜ್ವರ ಬಂದರೆ ಅವನ ಸರದಿಗೆ ಮುನಿಶಾಮಿ ಹೋಗುತ್ತಿದ್ದ. ಮುನಿಶಾಮಿಗೆ ಹಬ್ಬದೂಟದ ಮಂಪರು ಹತ್ತಿದರೆ ಆಂಜಿನಪ್ಪ ಕೋಲು ಹಿಡಿಯುತ್ತಿದ್ದ. ದನಗಳು ಮನೆಗೆ ಬಂದರಾಯಿತು, ಹೊಡೆದುಕೊಂಡು ಬಂದವರು ಯಾರೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಇಬ್ಬರೂ ಗಣಿ ಸೇರಿದರು, ಸರದಿ ಬದಲಾಯಿಸುವ ಆ ಚಾಳಿಯನ್ನೂ ಜೊತೆಗೇ ತಂದರು.

ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಕಿಟಕಿಯಲ್ಲಿ ಬಿಲ್ಲೆ ತೋರಿಸಿ ಕೆಳಗಿಳಿಯಬೇಕು. ಗುಮಾಸ್ತ ಬಿಲ್ಲೆ ನೋಡುತ್ತಿದ್ದನೇ ಹೊರತು ಮುಖ ನೋಡುತ್ತಿರಲಿಲ್ಲ. ಒಂದು ದಿನ ಆಂಜಿನಪ್ಪನಿಗೆ ರಾಬರ್ಟ್‌ಸನ್‌ಪೇಟೆಗೆ ಬಂದಿದ್ದ ಹೊಸ ಸಿನಿಮಾ ನೋಡುವ ಹುಚ್ಚು ಹತ್ತಿತು. ಹೌದು, ಸಿನಿಮಾ. ಜ್ವರವಲ್ಲ, ಸಾವಲ್ಲ, ಒಂದು ಸಿನಿಮಾ. ಮುನಿಶಾಮಿಗೆ ಅಂದು ರಜೆ. "ನನ್ ಬದ್ಲು ಇಳೀತೀಯೇನ್ಲಾ?" ಎಂದು ಆಂಜಿನಪ್ಪ ಬಿಲ್ಲೆ ಕೊಟ್ಟ. "ಕತೆ ಪೂರ್ತಿ ಏಳ್ಬೇಕು ಕಣ್ಲಾ" ಎಂದು ಮುನಿಶಾಮಿ ನಗುತ್ತಾ ತೆಗೆದುಕೊಂಡ.

ಅಂದೇ ಕೆಳಗೆ ಬಂಡೆ ಸಿಡಿಯಿತು. ಮುನಿಶಾಮಿಯನ್ನು ಜೀವಸಹಿತ ಮೇಲೆ ತಂದರು, ಆದರೆ ಬಲಗಾಲು ಉಳಿಯಲಿಲ್ಲ. ಅವನಿಗೆ ಎಚ್ಚರ ಬರುವ ಮೊದಲೇ ಆಂಜಿನಪ್ಪನನ್ನು ಆಫೀಸಿಗೆ ಕರೆಸಿ ಕೇಳಿದರು: ಬಿಲ್ಲೆ ನೀನೇ ಕೊಟ್ಟೆಯಾ? ಕೊಟ್ಟೆ ಎಂದರೆ ಕೆಲಸ ಹೋಗುತ್ತಿತ್ತು. ಅಮ್ಮಾಜಮ್ಮ ಬಸುರಿ, ಲೈನ್ ಮನೆ ಸಿಕ್ಕು ತಿಂಗಳಾಗಿರಲಿಲ್ಲ. "ಇಲ್ಲ ಸಾಮಿ, ಕಳೆದೋಗಿತ್ತು" ಎಂದುಬಿಟ್ಟ. ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಂಡರು. ಇನ್ನೊಬ್ಬನ ಬಿಲ್ಲೆ ಕದ್ದು ಇಳಿದವನು ಚಿನ್ನದ ಕಲ್ಲು ಕದಿಯಲಲ್ಲದೆ ಇನ್ಯಾತಕ್ಕೆ ಇಳಿದಾನು? ಎಚ್ಚರವಾದ ಮೇಲೆ ಮುನಿಶಾಮಿ ಹಾಸಿಗೆಯಲ್ಲಿ ಬಿದ್ದುಕೊಂಡೇ ಕೂಗಾಡಿದ. ಕಳ್ಳನ ಕೂಗನ್ನು ಯಾರು ಕೇಳುತ್ತಾರೆ?

ಮರುದಿನ ಬೆಳಿಗ್ಗೆ ಆಂಜಿನಪ್ಪ ರೈಲು ಹತ್ತಿ ಬಂಗಾರಪೇಟೆಗೆ ಹೋದ. ಸ್ಟೇಷನ್ ಪಕ್ಕದಲ್ಲಿ ಮುನಿಶಾಮಿಯ ಸೈಕಲ್ ರಿಪೇರಿ ಅಂಗಡಿ; ಅಂಗಡಿಯೆಂದರೆ ಒಂದು ತಗಡಿನ ಚಪ್ಪರ. ಮುನಿಶಾಮಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ತಲೆ ಎತ್ತಿದವನು ಒಂದು ಗಳಿಗೆ ನೋಡಿ ಮತ್ತೆ ತಗ್ಗಿಸಿದ.

"ಮುನಿಯಾ, ನಾನು ತಪ್ ಮಾಡ್ದೆ."

"ಅದು ನಂಗೊತ್ತು. ಬಿಲ್ಲೆ ಈಸ್ಕೊಂಡೋನು ನಾನೇ ಅಲ್ವಾ? ನಂಗ್ಯಾಕೆ ಏಳಾಕ್ ಬಂದೆ? ನಿನ್ ಎದೆಯುರಿ ತಣ್ಣಗಾಗ್ಲಿ ಅಂತಾನಾ?" ಮುನಿಶಾಮಿಯ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಸುಳ್ಳು ಎಲ್ಲಿ ಏಳಿದ್ಯೋ ಅಲ್ಲೋಗಿ ಏಳು. ಬಾಗ್ಲಾಕ್ಕೊಂಡು ಅಲ್ಲ, ನನ್ನ ಕಳ್ಳ ಅಂದೋರೆಲ್ಲ ಕೇಳಂಗೆ ಏಳು. ಇಲ್ದಿದ್ರೆ ಈ ಕಡೆ ತಲೆ ಆಕ್ಬೇಡ."

ಆಂಜಿನಪ್ಪ ಮುಂದಿನ ರೈಲಿಗೇ ಹಿಂದಿರುಗಿದ. ಇನ್ನು ಯೋಚಿಸುವುದೇನೂ ಇರಲಿಲ್ಲ. ಯೋಚನೆಗೆ ಕೂತರೆ ಮತ್ತೆ ಹತ್ತು ವರ್ಷ ಹೋಗುತ್ತದೆ; ತನ್ನ ಯೋಗ್ಯತೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೇರ ಆಫೀಸಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಹೊಸದಾಗಿ ಬಂದಿದ್ದ ಸಾಹೇಬರು ಒಳ್ಳೆಯವರು. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಪ್ಪ, ಇದು ಬ್ರಿಟಿಷರ ಕಾಲದ ಸಾಹೇಬರು ಮುಗಿಸಿಹೋದ ಕೇಸು. ಈಗ ಕೆದಕಿದರೆ ನಿನ್ನನ್ನು ಮನೆಗೆ ಕಳಿಸಬೇಕಾಗುತ್ತದೆ. ಆ ಹುಡುಗನನ್ನು ನಾನು ಹೇಗೋ ಸೇರಿಸಿಕೊಳ್ಳುತ್ತೇನೆ. ನೀನು ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋಗು."

ಬೇಡವೆನ್ನಲು ಕಾರಣವೇ ಇಲ್ಲದ ಮಾತು. ಹುಡುಗನಿಗೆ ಕೆಲಸ, ಇವನಿಗೆ ಮನೆ, ಸಾಹೇಬರಿಗೆ ಪುಣ್ಯ. ಆಂಜಿನಪ್ಪನ ನಾಲಗೆ ತುದಿಗೆ ಹೂಂ ಬಂದೇಬಿಟ್ಟಿತ್ತು. ಆದರೆ ಆ ಹುಡುಗ ದಿನಾ ಕಿಟಕಿಯ ಮುಂದೆ ನಿಲ್ಲುವುದು, ಪಾಪ ಅಂತ ಸೇರಿಸಿಕೊಂಡ ಕಳ್ಳನ ಮಗ ಇವನೇ ಎಂದು ಹಿಂದಿನವರು ಪಿಸುಗುಟ್ಟುವುದು ಕಣ್ಣಿಗೆ ಕಟ್ಟಿತು. "ಅಂಗಾಗಲ್ಲ ಸಾಮಿ" ಎಂದು ಕೈಮುಗಿದು ಹೊರಗೆ ಬಂದ.

ಪಾಳಿ ಬದಲಾಗುವ ಹೊತ್ತು. ಇಳಿಯುವವರು, ಏರಿ ಬಂದವರು ಎಲ್ಲ ಬಿಲ್ಲೆಯ ಕಿಟಕಿಯ ಮುಂದೆ ಕಿಕ್ಕಿರಿದಿದ್ದರು. ಆಂಜಿನಪ್ಪ ಗೋಡೆ ಪಕ್ಕದ ದಿಮ್ಮಿ ಹತ್ತಿ ಗಂಟಲು ಹರಿಯುವಂತೆ ಕೂಗಿದ. "ಮುನಿಶಾಮಿ ಕಳ್ಳ ಅಲ್ಲ! ಬಿಲ್ಲೆ ನಾನೇ ಕೊಟ್ಟಿದ್ದು. ಸಿನಿಮಾ ನೋಡಾಕೆ ಕೊಟ್ಟೆ, ಆಮೇಲೆ ಸುಳ್ಳು ಏಳ್ದೆ. ಕಳ್ಳ ನಾನು!" ಕನ್ನಡದಲ್ಲಿ ಹೇಳಿದ್ದನ್ನೇ ತಮಿಳಿನಲ್ಲಿ ಹೇಳಿದ, ಆಮೇಲೆ ತೆಲುಗಿನಲ್ಲಿ. ತಿಳಿಯಲಿಲ್ಲ ಎನ್ನುವ ನೆಪ ಅಲ್ಲಿ ಯಾರಿಗೂ ಉಳಿಯಬಾರದಿತ್ತು. ಯಾರೋ ಉಗಿದರು. ಕದಿರಪ್ಪ ಮುಖ ತಿರುಗಿಸಿದ. ಆಂಜಿನಪ್ಪ ಇಳಿದು ತನ್ನ ಬಿಲ್ಲೆಯನ್ನು ಕಿಟಕಿಯಲ್ಲಿಟ್ಟ. ಈ ಸಲ ಗುಮಾಸ್ತ ಅವನ ಮುಖ ನೋಡಿದ.

ವಾರದೊಳಗೆ ಮನೆ ಖಾಲಿ ಮಾಡಿಸಿದರು. ಮುನಿಶಾಮಿಯ ಮಗನಿಗೆ ಕೆಲಸಕ್ಕೆ ಬರಹೇಳಿ ಕಳಿಸಿದರು. ಅಮ್ಮಾಜಮ್ಮ ಅಳುತ್ತಲೇ ಪಾತ್ರೆ ಕಟ್ಟಿದಳು, ಅಳುತ್ತಲೇ ಬೈದಳು, ಆದರೆ ರೈಲಿನಲ್ಲಿ ಗಂಡನ ಪಕ್ಕದಲ್ಲೇ ಕೂತಳು. ಬಂಗಾರಪೇಟೆಯಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನಲ್ಲಿ ಮಗನಿಂದ ಸುದ್ದಿ ತಿಳಿದ ಮುನಿಶಾಮಿ ಊರುಗೋಲು ಹಿಡಿದು ನಿಂತಿದ್ದ.

"ಇನ್ನೊಂದ್ ಕಡೆ ಏಳೋದೈತೆ. ನಮ್ಮವ್ವಂಗೆ" ಎಂದ.

ಮುನಿಶಾಮಿಯ ತಾಯಿ ಪಾಪಕ್ಕ, ತಾಯಿಯಿಲ್ಲದ ಆಂಜಿನಪ್ಪನಿಗೂ ಕೈತುತ್ತು ಹಾಕಿ ಬೆಳೆಸಿದವಳು. "ನೀನು ಸುಳ್ಳೇಳಲ್ಲ ಅಂತ ಅವಳು ನಿನ್ ಮಾತ್ನೇ ನಂಬಿದ್ಲು. ಅವತ್ತಿಂದ ನನ್ ಕೈಯಿಂದ ಒಂದ್ ತೊಟ್ಟು ನೀರೂ ಮುಟ್ಟಿಲ್ಲ, ಕದ್ದ ಕೈ ಅಂತಾಳೆ" ಎಂದ ಮುನಿಶಾಮಿ.

ಪಾಪಕ್ಕ ಜಗುಲಿಯ ಮೇಲೆ ಕೂತಿದ್ದಳು. ಕಿವಿ ಮಂದ. ಆಂಜಿನಪ್ಪ ಅವಳ ಕಾಲ ಬಳಿ ಕೂತು ಹೇಳಿದ. ಅವಳಿಗೆ ಕೇಳಲಿಲ್ಲ. ಎದ್ದು ನಿಂತು, ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳಿದ. ಜನ ಹೊರಗೆ ಬಂದರು.

"ಇನ್ನೊಂದ್ ಸಲ ಏಳು" ಎಂದಳು ಪಾಪಕ್ಕ.

ಹೇಳಿದ.

ಮುದುಕಿ ಮಗನ ಕಡೆ ತಿರುಗಿದಳು. "ಮುನಿಯಾ, ಬಾಯಾರೈತೆ ಕಣಪ್ಪ. ಒಸಿ ನೀರ್ ಕೊಡು."

ಮುನಿಶಾಮಿ ಊರುಗೋಲು ಕುಟ್ಟುತ್ತಾ ಒಳಗೆ ಹೋಗಿ ಚೊಂಬು ತಂದ. ಅವಳು ಅವನ ಕೈಯನ್ನೂ ಸೇರಿಸಿ ಹಿಡಿದುಕೊಂಡು, ಪೂರ್ತಿ ಕುಡಿದಳು. ಕುಡಿದ ಮೇಲೂ ಆ ಕೈ ಬಿಡಲಿಲ್ಲ.

ಆಂಜಿನಪ್ಪನನ್ನು ಯಾರೂ ಕೂರು ಎನ್ನಲಿಲ್ಲ. ಅವನೂ ಅಲ್ಲಿಂದ ಹೊರಡಲಿಲ್ಲ.