ಮೈಕಣ್ಣ ಮತ್ತು ಅಕ್ಕನ ಚಾನೆಲ್

ಸಭಾಂಗಣದಲ್ಲಿ ಎಲ್ಲರೂ ಕುಳಿತ ಮೇಲೆ ಎದ್ದು ನಡೆಯತೊಡಗುವ ಮನುಷ್ಯ ಅವನೊಬ್ಬನೇ. ದೀಪಗಳು ಮಂಕಾಗಿ, ಪರದೆ ಸರಿದು, ಕೆಮ್ಮುವವರೆಲ್ಲ ಕೆಮ್ಮಿ ಮುಗಿಸಿ, ಮೊದಲ ಸ್ವರ ಸ್ಪೀಕರಿನಿಂದ ಹೊರಬೀಳುವ ಹೊತ್ತಿಗೆ ಮೈಕಣ್ಣ ಸದ್ದು ಹೊಂದಿಸುವ ಮಿಕ್ಸರಿನ ಮುಂದಿನ ತನ್ನ ಕುರ್ಚಿಯನ್ನು ಬಿಟ್ಟು ಗೋಡೆಯ ಪಕ್ಕದ ದಾರಿಗೆ ಇಳಿದಿರುತ್ತಿದ್ದ. ತಲೆಯನ್ನು ಒಂದು ಕಡೆಗೆ ವಾಲಿಸಿ, ಬಲಗಿವಿಯನ್ನು ಮುಂದೆ ಮಾಡಿ, ಸಂಜೆಗತ್ತಲಲ್ಲಿ ತಪ್ಪಿಸಿಕೊಂಡ ಕರುವಿನ ಕೊರಳಗಂಟೆಯನ್ನು ಹುಡುಕುವವನಂತೆ ಅವನು ಸಾಲಿನಿಂದ ಸಾಲಿಗೆ ಹೋಗುತ್ತಿದ್ದ. ಬಾಲ್ಕನಿಯ ಕೆಳಗಿನ ಮೂಲೆಯಲ್ಲಿ ಕ್ಷಣ ನಿಂತು ಮುಖ ಕಿವಿಚುತ್ತಿದ್ದ. ಆಮೇಲೆ ತುದಿಗಾಲಿನಲ್ಲಿ ಓಡಿಬಂದು ಒಂದು ಗುಂಡಿಯನ್ನು ಎಳ್ಳಿನಷ್ಟು ತಿರುಗಿಸಿ ಮತ್ತೆ ಮಾಯವಾಗುತ್ತಿದ್ದ. ಒಮ್ಮೆ ಯಾರೋ ಹಿರಿಯ ಹೆಂಗಸು ಅವನ ಪಾಡು ನೋಡಲಾರದೆ, ಶೌಚಾಲಯ ಆ ಕಡೆ ಇದೆ ಎಂದು ಮೆಲ್ಲಗೆ ತೋರಿಸಿದರಂತೆ. ಇವನು ಕೈಮುಗಿದು ಆ ಕಡೆಗೇ ಹೋದ. ಆ ಬಾಗಿಲಿನ ಹತ್ತಿರ ಸದ್ದು ಹೇಗೆ ಬೀಳುತ್ತದೆಂದು ಅಲ್ಲಿಯವರೆಗೂ ಅವನು ಕೇಳಿ ನೋಡಿರಲಿಲ್ಲ.

ಕೂತಲ್ಲಿ ಕೇಳಿದ್ದು ಅರ್ಧ ಸತ್ಯ ಎಂಬುದು ಅವನ ನಂಬಿಕೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ವಾದ್ಯದವರು ನಗುತ್ತಿದ್ದರು. ವೇಷವೂ ಹಾಗೆಯೇ: ಬೇಸಿಗೆಯಲ್ಲೂ ಬಿಡದ ಒಂದು ಕಪ್ಪು ಕೋಟು, ಬ್ಯಾಟರಿ, ಸ್ಕ್ರೂಡ್ರೈವರು, ತುಂಡು ತಂತಿಗಳ ಭಾರಕ್ಕೆ ಜೋತುಬಿದ್ದ ಅದರ ಜೇಬುಗಳು, ಎಡಗೈ ಮಣಿಕಟ್ಟಿನಲ್ಲಿ ಬಳೆಯಂತೆ ತೊಟ್ಟ ಬಿಳಿ ಟೇಪಿನ ಸುರುಳಿ. ಯಾರು ಏನು ಕೇಳಿದರೂ ಮೊದಲು ಬರುವ ಉತ್ತರ "ಒಂದ್ನಿಮಿಷ". ಊಟಕ್ಕೆ ಕರೆದರೂ ಒಂದ್ನಿಮಿಷ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಒಂದ್ನಿಮಿಷ ಅಂತಾನೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಮನೆಯ ಮಿಕ್ಸಿ ಕೆಟ್ಟು ತಿಂಗಳಾದರೂ ಅದರ ಕಡೆ ತಿರುಗಿ ನೋಡದವನು ಆ ದೊಡ್ಡ ಮಿಕ್ಸರಿನ ಮುಂದೆ ಹಗಲೆಲ್ಲ ಬ್ರಷ್ ಹಿಡಿದು ಧೂಳು ಕೊಡವುತ್ತಿರುತ್ತಾನೆ ಎಂಬುದು ಅವಳ ಇನ್ನೊಂದು ದೂರು.

ನಾನು ಆ ಸಭಾಂಗಣದಲ್ಲಿ ಕಾರ್ಯಕ್ರಮಗಳ ನಿರೂಪಣೆ ಮಾಡುತ್ತಿದ್ದೆ. ಎರಡು ಹಾಡುಗಳ ನಡುವೆ ನನಗೆ ಕೆಲಸವಿಲ್ಲದ್ದರಿಂದ ಅವನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಮೊದಲ ಸಲ ಆ ಮೇಜಿನಗಲದ ಯಂತ್ರವನ್ನು ಕಂಡಾಗ ನೂರಾರು ಗುಂಡಿಗಳ ಆ ಸಮೂಹ ನನಗೆ ದಿಗಿಲು ಹುಟ್ಟಿಸಿತ್ತು. ಮೈಕಣ್ಣ ನಕ್ಕು, ಇಲ್ಲಿ ಕಲಿಯಬೇಕಾದ್ದು ಒಂದೇ ಸಾಲು, ಅಂದರೆ ಒಂದು ಚಾನೆಲ್, ಮಿಕ್ಕಿದ್ದೆಲ್ಲ ಅದರದೇ ನಕಲು ಎಂದ. ಮೈಕಿನಿಂದ ಬಂದ ಸದ್ದು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ತಲೆಯ ಮೇಲಿನ ಗುಂಡಿ ಗೇನ್, ಅಂದರೆ ಎಷ್ಟನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದು. ಅದರ ಕೆಳಗೆ ಚೂಪು, ನಡು, ದಪ್ಪ ಎಂದು ದನಿಯ ಬಣ್ಣ ತಿದ್ದುವ ಗುಂಡಿಗಳು. ಎಲ್ಲಕ್ಕಿಂತ ಕೆಳಗೆ, ಬೆರಳಿಗೆ ಸಿಗುವಂತೆ, ಮೇಲೆ ಕೆಳಗೆ ಜಾರುವ ಫೇಡರು. ಸಭೆಗೆ ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ಅದು.

ಬಾಲ್ಯವೆಲ್ಲ ಗದ್ದೆಗೆ ನೀರು ಹಾಯಿಸಿದವನಾದ್ದರಿಂದ ನನಗೆ ಇದು ಕಾಲುವೆಯಾಗಿ ಅರ್ಥವಾಯಿತು. ಗೇನ್ ಎಂದರೆ ಕೆರೆಯ ತೂಬು. ಫೇಡರೆಂದರೆ ಗದ್ದೆಯ ಬಾಯಿಯಲ್ಲಿ ನೀರು ತಡೆಯುವ ಮಡೆ. ಹಾಗಾದರೆ ನಡುವೆ ಇರುವ ಈ ಗುಂಡಿ ಏನು ಎಂದು ಕೇಳಿದಾಗ ಅವನು, ಅದು ವೇದಿಕೆಯ ಮೇಲೆ ಹಾಡುಗಾರರ ಕಾಲಬುಡದಲ್ಲಿರುವ ಮಾನಿಟರ್ ಸ್ಪೀಕರಿನ ದಾರಿ ಎಂದ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಬೇಕಲ್ಲ, ಅದಕ್ಕೆ. ಆ ದಾರಿ ಕವಲೊಡೆಯುವುದು ಫೇಡರಿಗಿಂತ ಮುಂಚೆ. ಆದ್ದರಿಂದ ಫೇಡರನ್ನು ಪೂರ್ತಿ ಇಳಿಸಿದರೂ ಅಲ್ಲಿ ಸದ್ದು ಕಡಿಮೆಯಾಗುವುದಿಲ್ಲ. ನನಗೆ ತಕ್ಷಣ ತಿಳಿಯಿತು: ಮಡೆಗಿಂತ ಮೇಲೆ ತೋಡಿದ ಕವಲುಗಾಲುವೆ. ಕೆಳಗೆ ಮಡೆ ಕಟ್ಟಿದರೂ ಮೇಲಿನವನ ಹೊಲಕ್ಕೆ ಹೋಗುವ ನೀರು ನಿಲ್ಲದು. ಈ ಹೋಲಿಕೆ ಹೇಳಿದಾಗ ಅವನು ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಅವನು ಹೌದು ಎಂದಷ್ಟೇ ಹೇಳಿ, ಎದ್ದು ನಡೆಯಲು ಹೋದ.

ಯಾವುದೇ ತೊಂದರೆ ಬಂದರೂ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬರ್ತಿದ್ಯಾ? ಬಂದಿದ್ದು ಎಲ್ಲಿಗೆ ಹೋಗ್ತಿದೆ?" ಒಮ್ಮೆ ಅತಿಥಿಗಳ ಮೈಕು ಮೂಕವಾಗಿ, ಸಂಘಟಕರು ತಂತಿಗಳನ್ನು ಕೀಳುವಷ್ಟು ಗಾಬರಿಯಾಗಿದ್ದಾಗ, ಇವನು ಆ ಸಾಲಿನ ಮೇಲಿನಿಂದ ಕೆಳಕ್ಕೆ ಬೆರಳು ಇಳಿಸುತ್ತ ಬಂದು, ಫೇಡರಿನ ಪಕ್ಕದ, ಸದ್ದು ತಡೆಯುವ ಮ್ಯೂಟ್ ಬಟನ್ನನ್ನು ಒತ್ತಿ ಬಿಡಿಸಿದ. ಅತಿಥಿಗಳ ಅರ್ಧ ವಾಕ್ಯ ಗುಡುಗಿತು. ಅಲ್ಲಿಯವರೆಗಿನ ಭಾಷಣವೆಲ್ಲ ಯಂತ್ರದೊಳಕ್ಕೆ ಬಂದು, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಉಳಿದಿತ್ತು. ಪಾಪ, ಒಳ್ಳೇ ಭಾಗ ಅದೇ ಇತ್ತೇನೋ ಎಂದು ಅವನು ನನ್ನ ಕಿವಿಯಲ್ಲಿ ಹೇಳಿದ.

ತನ್ನ ಮೇಲೆಯೇ ಅವನು ಹೇಳಿಕೊಳ್ಳುತ್ತಿದ್ದ ಕತೆ ಇನ್ನೊಂದು. ಕೊಳಲಿನ ದನಿ ಚೂಪಾಯಿತೆಂದು ಅರ್ಧ ಕಚೇರಿಯವರೆಗೆ ಗುಂಡಿ ತಿದ್ದಿದನಂತೆ. ತಿದ್ದಿದ ಹಾಗೆಲ್ಲ ಕೊಳಲು ಮೃದುವಾಗುತ್ತ, ಬೆಣ್ಣೆಯಾಗುತ್ತ ಬಂತು. ಕಣ್ಣಲ್ಲಿ ನೀರೇ ಬಂತು. ಆಮೇಲೆ ನೋಡಿದರೆ ತಿರುಗಿಸುತ್ತಿದ್ದುದು ಯಾರೂ ಹಾಡದ ಖಾಲಿ ಮೈಕಿನ ಗುಂಡಿ. ಆಸೆ ಇದ್ದಲ್ಲಿ ಕಿವಿ ಲಂಚ ತಗೊಳ್ಳುತ್ತೆ ಎಂದು ಅವನು ಆ ಕತೆಯನ್ನು ಮುಗಿಸುತ್ತಿದ್ದ.

ಪ್ರತಿ ಫೇಡರಿನ ಕೆಳಗೆ ಬಿಳಿ ಟೇಪಿನ ಪಟ್ಟಿ ಅಂಟಿಸಿ, ಅದು ಯಾರದೆಂದು ಬರೆಯುವುದು ಅವನ ಪದ್ಧತಿ. ಕೊಳಲು, ಪಿಟೀಲು, ಡೋಲು, ನಿರೂಪಣೆ: ಅವನ ಮಿಕ್ಸರಿನ ಮೇಲೆ ಮನುಷ್ಯರಿರಲಿಲ್ಲ, ಅವರ ಕೆಲಸಗಳಿದ್ದವು. ಒಂದು ಪಟ್ಟಿಯಲ್ಲಿ ಮಾತ್ರ "ಅಕ್ಕ" ಎಂದಿತ್ತು.

ಆ ಸಭಾಂಗಣದಲ್ಲಿ ಹೆಚ್ಚಾಗಿ ಹಾಡುತ್ತಿದ್ದ ಗಾಯನ ತಂಡದ ಮುಖ್ಯ ಗಾಯಕಿ ಅವನ ಒಡಹುಟ್ಟಿದ ಅಕ್ಕ. ತಾಯಿ ತೀರಿಕೊಂಡ ಮೇಲೆ ಇವನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಹಗಲು ಹೊಲಿಗೆ ಯಂತ್ರ ತುಳಿದು ಸಂಜೆ ಹಾಡಲು ಹೋಗುವಾಗ ಮನೆಯಲ್ಲಿ ಒಬ್ಬನನ್ನೇ ಬಿಡಲಾರದೆ ಇವನನ್ನೂ ಕರೆದುಕೊಂಡು ಹೋದವಳು. ಇವನು ಮೈಕಣ್ಣನಾದದ್ದು ಹಾಗೆ. ಎತ್ತರದ ಆಳು, ನೇರ ಮಾತು. ತಾಳ ತಪ್ಪಿದವರನ್ನು ಅವಳು ಬೈಯುತ್ತಿರಲಿಲ್ಲ; ಹಾಡು ಮುಗಿದ ಮೇಲೆ, ಊಟ ಸರಿಯಾಗಿ ಮಾಡಿದ್ಯೇನೇ ಎಂದು ಕೇಳುತ್ತಿದ್ದಳು, ಅಷ್ಟರಲ್ಲೇ ಅವರಿಗೆ ನಾಚಿಕೆಯಾಗುತ್ತಿತ್ತು. ಅರವತ್ತು ದಾಟಿದ ಮೇಲೆ ಅವಳ ಮೇಲಿನ ಸ್ವರಗಳು ಬಿರುಕುಬಿಡತೊಡಗಿದವು. ಮೊದಲು ತಿಳಿದದ್ದು ತಮ್ಮನಿಗೆ. ಆಮೇಲೆ ತಂಡದ ಯಜಮಾನರಿಗೆ. ಅವರು ಇವನನ್ನು ಬದಿಗೆ ಕರೆದು, ನಿಮ್ಮಕ್ಕನಿಗೆ ನೀನೇ ಹೇಳ್ತೀಯೋ ನಾನು ಹೇಳಲೋ ಎಂದು ಕೇಳಿದರು.

ಮೈಕಣ್ಣ ಎರಡನ್ನೂ ಒಪ್ಪಲಿಲ್ಲ. ಅಕ್ಕನ ಜೊತೆಗೆ ಅದೇ ಸಾಲುಗಳನ್ನು ಒಬ್ಬ ಕಿರಿಯ ಗಾಯಕಿಯೂ ಹಾಡಲಿ, ಉಳಿದದ್ದು ನನಗೆ ಬಿಡಿ ಎಂದ. ಅಂದಿನಿಂದ ಹಾಡು ಮೇಲೇರುವ ಕಡೆಗಳಲ್ಲೆಲ್ಲ "ಅಕ್ಕ" ಎಂಬ ಪಟ್ಟಿಯ ಮೇಲಿನ ಫೇಡರು ತಳಕ್ಕೆ ಇಳಿಯತೊಡಗಿತು. ಕೆಲವು ತಿಂಗಳಲ್ಲಿ ಅದು ತಳದಿಂದ ಏಳುವುದನ್ನೇ ಮರೆಯಿತು. ಸಭೆಗೆ ಕೇಳುತ್ತಿದ್ದುದು ಕಿರಿಯಳ ದನಿ. ವೇದಿಕೆಯ ಮೇಲೆ ಮಾತ್ರ, ಅಕ್ಕನ ಕಾಲಬುಡದ ಮಾನಿಟರಿನಲ್ಲಿ, ಅವಳ ದನಿ ತುಂಬಿ ಮೊಳಗುತ್ತಿತ್ತು. ಬಿರುಕು ಕಾಣದಂತೆ ಅದಕ್ಕೊಂದಿಷ್ಟು ಪ್ರತಿಧ್ವನಿಯ ಗುಂಗನ್ನೂ ಅವನು ಬೆರೆಸಿದ್ದ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಜನ ಚಪ್ಪಾಳೆ ತಟ್ಟಿದಾಗ ಕೈಮುಗಿಯುತ್ತಿದ್ದಳು. ಅಂಥ ಸಂಜೆಗಳಲ್ಲಿ ಮೈಕಣ್ಣನ ಅಲೆದಾಟ ಹೇಳತೀರದು. ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ, ಒಂದು ಹಾಡಿನೊಳಗೆ ಇಡೀ ಸಭಾಂಗಣವನ್ನು ಸುತ್ತಿ ಬರುತ್ತಿದ್ದ. ಕುಳಿತರೆ ಕಣ್ಣ ಮುಂದೆ ಆ ಫೇಡರು. ವಾದ್ಯದವರಿಗೆ ಗೊತ್ತಿತ್ತು, ಯಜಮಾನರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ.

ಒಂದು ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ತಾಲೀಮು ನಡೆದಿತ್ತು. ಕಿರಿಯ ಗಾಯಕಿಗೆ ಸಭೆಯ ಕೊನೆಯ ಸಾಲಿನವರೆಗೆ ಹಾಡಿನ ಮಾತು ಮುಟ್ಟಿಸುವುದು ಹೇಗೆಂದು ಅನುಮಾನ. ಅಕ್ಕ, ಬಾ ತೋರಿಸ್ತೀನಿ ಎನ್ನುತ್ತ, ತಂತಿಯಿಲ್ಲದ ಮೈಕನ್ನು ಸ್ಟ್ಯಾಂಡಿನಿಂದ ತೆಗೆದುಕೊಂಡು, ಹಾಡುತ್ತ ಹಾಡುತ್ತಲೇ ವೇದಿಕೆಯ ಮೆಟ್ಟಿಲಿಳಿದು ಕುರ್ಚಿಗಳ ನಡುವೆ ನಡೆದುಬಂದಳು. ಮೈಕಣ್ಣ ಆಗ ಎಂದಿನಂತೆ ಮಿಕ್ಸರಿನ ಬಳಿ ಇರಲಿಲ್ಲ. ಬಾಲ್ಕನಿಯ ಕೆಳಗಿನ ದೂರದ ಮೂಲೆಯಲ್ಲಿದ್ದ. ನಾನು ಫೇಡರಿನ ಪಕ್ಕದಲ್ಲೇ ಕುಳಿತಿದ್ದೆ, ಆದರೆ ಅವನ ಯಂತ್ರವನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ಮುಟ್ಟಿದ್ದರೂ ಎತ್ತಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ಅವನು ಓಡಿಬಂದ. ಬರುವಷ್ಟರಲ್ಲಿ ಅವಳು ಮಾನಿಟರಿನ ಸದ್ದು ಮುಟ್ಟದ ಜಾಗಕ್ಕೆ ಬಂದಾಗಿತ್ತು.

ಅಕ್ಕ ಹಾಡುತ್ತಿದ್ದಳು. ಕೈಯಲ್ಲಿ ಮೈಕಿತ್ತು, ಅದರ ಹಸಿರು ದೀಪ ಉರಿಯುತ್ತಿತ್ತು. ಗೋಡೆಯ ದೊಡ್ಡ ಸ್ಪೀಕರುಗಳಿಂದ ವೇದಿಕೆಯ ಮೇಲಿದ್ದ ಕಿರಿಯಳ ದನಿ ಬರುತ್ತಿತ್ತು, ಕೊಳಲು ಬರುತ್ತಿತ್ತು. ತನ್ನ ದನಿ ತನ್ನ ಗಂಟಲಿನಿಂದಷ್ಟೇ, ಕೋಣೆಯಲ್ಲಿ ಒಬ್ಬಳೇ ಗುನುಗಿದಂತೆ, ತೆಳ್ಳಗೆ ಕೇಳುತ್ತಿತ್ತು. ಅವಳು ನಿಲ್ಲಿಸಿದಳು. ಮೈಕನ್ನು ಬೆರಳಿನಿಂದ ತಟ್ಟಿದಳು. ದೂರದಲ್ಲಿ, ವೇದಿಕೆಯ ಮೇಲೆ, ಅವಳ ಜಾಗದ ಮಾನಿಟರಿನಲ್ಲಿ ಮಾತ್ರ ಆ ತಟ್ಟಿದ ಸದ್ದು ಕೇಳಿತು.

ನಲವತ್ತು ವರ್ಷ ಮೈಕಿನ ಮುಂದೆ ನಿಂತವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. ನೇರ ಮಿಕ್ಸರಿನ ಬಳಿ ಬಂದು, ಕನ್ನಡಕ ಏರಿಸಿ, ಟೇಪಿನ ಪಟ್ಟಿಗಳನ್ನು ಒಂದೊಂದಾಗಿ ಓದಿದಳು. ತನ್ನದರ ಮೇಲೆ ಬೆರಳಿಟ್ಟಳು. ಏದುಸಿರು ಬಿಡುತ್ತಿದ್ದ ಮೈಕಣ್ಣ ತನ್ನ ಎಂದಿನ ಮಾತನ್ನು ಹೇಳಹೋದ.

"ನಿನ್ನ ಒಂದ್ನಿಮಿಷ ಆಮೇಲೆ. ಯಾವಾಗಿಂದ ಇದು?"

"ಹೋದ ವರ್ಷದಿಂದ ಅಕ್ಕ."

ಅವಳು ಬೈಯಲಿಲ್ಲ. ಏರಿಸಿದ್ದ ಕನ್ನಡಕವನ್ನು ತೆಗೆದು ಮಡಚಿದಳು. ಆಮೇಲೆ, ಯಾರದೋ ತಮಾಷೆ ನೆನಪಾದವಳಂತೆ ಹೇಳಿದಳು:

"ಹೋದ ವರ್ಷ ನನ್ನ ದನಿ ಎಷ್ಟು ಚೆನ್ನಾಗಾಗಿದೆ ಅಂತ ನಂಗೇ ಅನ್ನಿಸಿತ್ತು ಕಣೋ. ನಿನ್ ಹೆಂಡ್ತಿ ಹತ್ರ ಹೇಳ್ಕೊಂಡೂ ಇದ್ದೆ."

ಯಜಮಾನರು ನಡುವೆ ಬಂದು ಸಮಾಧಾನ ಹೇಳಹೊರಟರು. ಅವಳು ಅವರ ಕಡೆ ನೋಡಲಿಲ್ಲ. ಇವತ್ತು ಸಂಜೆ ಜನಕ್ಕೆ ಏನು ಕೇಳುತ್ತೋ ತನಗೂ ಅಷ್ಟೇ ಕೇಳಬೇಕು ಎಂದಳು. ಮೈಕಣ್ಣ ಬೇಡಿಕೊಂಡ. ತನ್ನ ದನಿ ತನಗೆ ಕೇಳದೆ ಯಾರೂ ಹಾಡಲಾರರು, ಶ್ರುತಿ ಜಾರುತ್ತದೆ, ಸಭೆಯೆದುರು ಅವಮಾನವಾಗುತ್ತದೆ ಎಂದ. ಇವತ್ತೊಂದು ದಿನ ಬಿಟ್ಟುಬಿಡು ಎಂದೂ ಹೇಳಿ ನೋಡಿದ.

"ನನ್ ದನಿ ನಂಗೆ ಕೇಳ್ಸಲಿಲ್ಲ ಅಂದ್ರೆ ಹಾಡಲ್ಲ, ಮನೆಗೆ ಹೋಗ್ತೀನಿ. ಸುಳ್ಳು ಕೇಳಿಸ್ಕೊಂಡು ಹಾಡೋದು ಬೇಡ. ಆ ದಾರಿ ಬದಲಾಯ್ಸು."

ಆ ದಾರಿ ಬದಲಾಯಿಸಲು ಒಂದು ಚಿಕ್ಕ ಬಟನ್ ಸಾಕು. ಅದನ್ನು ಒತ್ತಿದರೆ ಮಾನಿಟರಿನ ಕವಲು ಫೇಡರಿನ ಮುಂಚಿನಿಂದ ಫೇಡರಿನ ಆಚೆಗೆ ಸರಿಯುತ್ತದೆ. ಗದ್ದೆಗೆ ಬಿಟ್ಟಷ್ಟೇ ನೀರು ಕವಲಿಗೂ. ಮೈಕಣ್ಣ ಅದನ್ನು ಒತ್ತಿದ. ಬೆರೆಸಿದ್ದ ಗುಂಗನ್ನು ತೆಗೆಯುವಾಗ ಅವನು ಅಕ್ಕನ ಮುಖ ನೋಡಲಿಲ್ಲ.

ಸಂಜೆ ಸಭೆ ತುಂಬಿತ್ತು. ಈಗ ಅಕ್ಕನ ಎರಡು ದಾರಿಗಳೂ ಒಂದೇ ಬೆರಳಿನ ಕೆಳಗಿದ್ದವು: ಫೇಡರು ಇಳಿಸಿದರೆ ಅವಳಿಗೇ ಅವಳು ಕೇಳಿಸಳು, ಏರಿಸಿದರೆ ಬಿರುಕು ಎಲ್ಲರಿಗೂ ಕೇಳುತ್ತದೆ. ಅವನಿಗೆ ಅಡಗಿಸಲು ಜಾಗವೇ ಉಳಿದಿರಲಿಲ್ಲ. ಮೊದಲ ಹಾಡಿನಲ್ಲಿ ಅಕ್ಕ ಕಣ್ಣು ಮುಚ್ಚಲಿಲ್ಲ. ಸಭೆಯ ತಲೆಗಳ ಮೇಲಿಂದ ನೇರ ಮಿಕ್ಸರಿನ ಕಡೆಗೇ ನೋಡುತ್ತ ನಿಂತಿದ್ದಳು. ಮೈಕಣ್ಣ ಫೇಡರನ್ನು ಮೇಲಕ್ಕೆ ತಳ್ಳಿದ. ಎರಡನೆಯ ಚರಣ ಏರುವಲ್ಲಿ ಅವಳ ದನಿ ಒಡೆಯಿತು. ಸಭೆಗೆ ಕೇಳಿತು, ಅವಳಿಗೂ ಕೇಳಿತು. ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಕಡೆ ತಿರುಗಿದರು. ಯಜಮಾನರು ಪರದೆಯ ಮರೆಯಿಂದ, ಇಳಿಸು ಇಳಿಸು ಎಂದು ಕೈ ಮಾಡುತ್ತಿದ್ದರು. ಅವನು ಇಳಿಸಲಿಲ್ಲ. ಅವನ ಮುಖ ಬೆವೆತು ಹೊಳೆಯುತ್ತಿತ್ತು. ಆ ಹಾಡು ಮುಗಿಯುವವರೆಗೂ ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಮತ್ತೆ ಆ ಏರು ಬಂದಾಗ ಅಕ್ಕ ಕಿರಿಯಳ ಕಡೆ ತಿರುಗಿ ಗಲ್ಲ ಎತ್ತಿ ಸನ್ನೆ ಮಾಡಿದಳು: ನೀನು ಹೋಗು. ಆ ಹುಡುಗಿ ಮೇಲಕ್ಕೆ ಹೋದಳು. ಅಕ್ಕ ಅದೇ ಸಾಲನ್ನು ಕೆಳಗಿನ ಸ್ವರದಲ್ಲಿ ಹಿಡಿದಳು. ಆ ಕೆಳಗಿನ ದನಿ, ಇಷ್ಟು ದಿನ ತಮ್ಮನ ಭಯದ ಅಡಿಯಲ್ಲಿ ಸಿಕ್ಕಿಕೊಂಡಿದ್ದ ದನಿ, ಹಳೆಯ ಮರದ ಬಾಗಿಲಿನಂತೆ ಗಟ್ಟಿಯಾಗಿತ್ತು. ಬಿರುಕಿದ್ದುದು ಮೇಲೆ ಮಾತ್ರ. ಅವನು ಹೆದರಿ ಪೂರ್ತಿ ಮುಚ್ಚಿಬಿಟ್ಟಿದ್ದ.

ಅವಳು ಆ ನಂತರವೂ ಹಾಡಿದಳು, ಮುಖ್ಯ ಗಾಯಕಿಯಾಗಿ ಅಲ್ಲ. ಕೊನೆಗೆ ಬಿಟ್ಟದ್ದೂ ತಾನಾಗಿಯೇ, ಯಾರೂ ಹೇಳದೆ. ತಮ್ಮನೊಂದಿಗೆ ಕೆಲವು ವಾರ ಮಾತು ಬಿಟ್ಟಿದ್ದಳು. ಆ ವಾರಗಳಲ್ಲಿ ಅವನು ಅವಳ ಮನೆಯ ಮುಂದಿನ ಬೀದಿಯಲ್ಲಿ ಹೋಗಿಬಂದು ಮಾಡಿದ್ದನ್ನು ಕಂಡವರಿದ್ದಾರೆ. ಒಂದು ದಿನ ಕಿಟಕಿಯಿಂದ, ಚಪ್ಪಲಿ ಸವೀತಾವೆ, ಒಳಗೆ ಬಾ ಎಂದು ಅವಳೇ ಕರೆದಳಂತೆ.

ನಮ್ಮ ಮನೆಗಳಲ್ಲೂ ಕಚೇರಿಗಳಲ್ಲೂ ಮೈಕಣ್ಣನ ಜಾತಿಯವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಯಾರ ಮಾತು ಯಾರಿಗೆ ಎಷ್ಟು ತಲುಪಬೇಕು ಎಂಬುದನ್ನು ಯಾರೂ ಕೇಳದೆಯೇ ಹೊತ್ತುಕೊಂಡವರು. ಅಪ್ಪನ ಸಿಟ್ಟನ್ನು ತಗ್ಗಿಸಿ ಮಗನಿಗೆ, ಮಗನ ಉಡಾಫೆಯನ್ನು ಮರ್ಯಾದೆ ಮಾಡಿ ಅಪ್ಪನಿಗೆ ದಾಟಿಸುವವರು. ಅವರು ವಂಚಕರಲ್ಲ, ಸ್ವಂತಕ್ಕೆ ಏನನ್ನೂ ಉಳಿಸಿಕೊಂಡವರಲ್ಲ. ಆದರೆ ನೋವಾಗದಂತೆ ನಮ್ಮನ್ನು ಕಾಯುತ್ತ ಕಾಯುತ್ತ ಅವರು ನಮ್ಮಲ್ಲಿ ಇನ್ನೂ ಗಟ್ಟಿಯಾಗಿರುವುದನ್ನೂ ಮುಚ್ಚಿಬಿಡುತ್ತಾರೆ, ಮುಚ್ಚಿದ್ದೇನೆಂದು ಅವರಿಗೇ ತಿಳಿಯುವುದಿಲ್ಲ. ಆ ಪ್ರೀತಿಯಿಂದ ತಮ್ಮನ್ನು ತಾವೇ ಬಿಡಿಸಿಕೊಳ್ಳುವುದು ಅವರ ಕೈಯಲ್ಲಿಲ್ಲ. ಯಾರನ್ನು ಕಾಯುತ್ತಿದ್ದಾರೋ ಅವರೇ ಒಂದು ದಿನ ವೇದಿಕೆಯಿಂದ ಇಳಿದುಬಂದು, ನನ್ನದು ಯಾವುದು ತೋರಿಸು ಎಂದು ಎದುರಿಗೆ ನಿಲ್ಲಬೇಕು.